ಹಾರ್ನೆಸ್ ಹಾಕಿದ ಮಗು ಅಳುತ್ತೆ, ರಾತ್ರಿ ಬಿಚ್ಚಬಹುದಾ?

ಪ್ರಶ್ನೆ: ನನ್ನ ಮಗಳಿಗೆ 7 ವಾರ. ಹೊಟ್ಟೆಯಲ್ಲಿ ತಲೆ ಮೇಲಾಗಿದ್ದಳು, ಅದಕ್ಕೇ ಡಾಕ್ಟರ್ ಸೊಂಟದ ಸ್ಕ್ಯಾನ್ ಮಾಡಿಸಿದರು. ಎಡಗಡೆ ಕೀಲು ಸರಿಯಾಗಿ ಕೂತಿಲ್ಲ ಎಂದು ಪಾವ್ಲಿಕ್ ಹಾರ್ನೆಸ್ (ಕಾಲು ಮಡಚಿ ಅಗಲವಾಗಿ ಹಿಡಿದಿಡುವ ಪಟ್ಟಿ) ಹಾಕಿದ್ದಾರೆ. ತುಂಬಾ ಅಳುತ್ತಾಳೆ. ರಾತ್ರಿ ಮಾತ್ರ ಬಿಚ್ಚಬಹುದಾ? ನಡೆಯುವ ಹೊತ್ತಿಗೆ ತಾನಾಗೇ ಸರಿಹೋಗುತ್ತೆ ಅಂತಾರೆ ಮನೆಯವರು.

ಉತ್ತರ: ದಯವಿಟ್ಟು ನೀವಾಗಿ ಬಿಚ್ಚಬೇಡಿ. ಪುಟ್ಟ ಮಗುವನ್ನು ಪಟ್ಟಿಯಲ್ಲಿ ನೋಡುವಾಗ ಕರುಳು ಚುರುಕ್ ಅನ್ನುತ್ತೆ, ನಿಜ. ಆದರೆ ಈ ಚಿಕಿತ್ಸೆ ಚೆನ್ನಾಗಿ ಫಲ ಕೊಡುವುದೇ ಮೊದಲ 6 ತಿಂಗಳಲ್ಲಿ.

ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಹುಟ್ಟಿದ ಹೊಸದರಲ್ಲಿ ಸ್ವಲ್ಪ ಸಡಿಲ ಇರುವ ಕೀಲು ಎಷ್ಟೋ ಮಕ್ಕಳಲ್ಲಿ ತಾನಾಗೇ ಬಿಗಿಯಾಗುತ್ತೆ. ನಿಮ್ಮ ಮಗಳದ್ದು ಸ್ಕ್ಯಾನ್ ನೋಡಿ ತೀರ್ಮಾನಿಸಿದ್ದು, ಕಾಯುತ್ತಾ ಕೂರುವಂಥದ್ದಲ್ಲ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಆಳಕ್ಕೆ ಕೂತಿದ್ದರೇನೇ ಆ ಗುಳಿ ದುಂಡಗೆ ಬೆಳೆಯೋದು. ಮಂಡಿ ಮೇಲಕ್ಕೆ ಮಡಚಿ, ತೊಡೆ ಅಗಲವಾಗಿದ್ದಾಗ ಗುಂಡು ಸರಿಯಾದ ಜಾಗದಲ್ಲಿರುತ್ತೆ. ಹಾರ್ನೆಸ್ ಮಾಡೋದು ಅಷ್ಟೇ. ರಾತ್ರಿ ಬಿಚ್ಚಿದರೆ ಗುಂಡು ಮತ್ತೆ ಜಾರಬಹುದು. ಸಾಮಾನ್ಯವಾಗಿ 6ರಿಂದ 12 ವಾರ, ಮೊದಮೊದಲು ದಿನಪೂರ್ತಿ ಹಾಕಿಸುತ್ತಾರೆ. ಸ್ನಾನಕ್ಕೆ ತೆಗೆಯಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಅಳು ಹೆಚ್ಚಾಗಿ ಹೊಸ ಭಂಗಿಯದ್ದು, ಕೆಲವು ದಿನದಲ್ಲಿ ಕಡಿಮೆಯಾಗುತ್ತೆ. ಪಟ್ಟಿಯ ಕೆಳಗೆ ತೆಳು ಹತ್ತಿ ಅಂಗಿ, ಉದ್ದ ಕಾಲುಚೀಲ ಹಾಕಿ. ಡಯಾಪರ್ ಪಟ್ಟಿಯ ಒಳಗಡೆ ಬರಲಿ, ಹೊರಗಡೆ ಅಲ್ಲ. ಮಂಡಿ ಹಿಂದೆ, ತೊಡೆಸಂದು, ಕುತ್ತಿಗೆಯ ಮಡಿಕೆ ದಿನಾ ನೋಡಿ. ಕೆಂಪಗಾಗಿದ್ದರೆ ಒರೆಸಿ, ಒಣಗಿಸಿ. ಅಂಗಾತ ಮಲಗಿಸಿ. ಕಾಲು ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತೋದು ಬೇಡವೇ ಬೇಡ.

ಅಳುವಿಗಿಂತ ಜಾಸ್ತಿ ಗಮನ ಇಡಬೇಕಾದ್ದು ಒದೆಯೋದರ ಮೇಲೆ. ಡಯಾಪರ್ ಬದಲಿಸುವಾಗ ಪಾದದಡಿ ಮೆಲ್ಲಗೆ ಕಚಗುಳಿ ಇಡಿ. ಎರಡೂ ಕಾಲು ಒದ್ದರೆ ಒಳ್ಳೆಯದು. ಒಂದು ಕಾಲು ಮಂಡಿ ಚಾಚದೆ ಸುಮ್ನೆ ಇದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ತೊಡೆಯನ್ನು ತೀರಾ ಮೇಲಕ್ಕೆ ಮಡಚಿದ್ದರೆ ಮುಂಭಾಗದ ನರಕ್ಕೆ ಒತ್ತಡ ಬೀಳುತ್ತೆ. ಬೇಗ ಗೊತ್ತಾದರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತೆ. ಆಗಲೂ ಪಟ್ಟಿ ಸಡಿಲಿಸೋದು ಅವರ ಕೆಲಸ, ನಿಮ್ಮದಲ್ಲ. ತೊಡೆ ಅತಿಯಾಗಿ ಅಗಲವಾದರೂ ತೊಡೆಮೂಳೆಯ ಗುಂಡಿನ ಭಾಗಕ್ಕೆ ರಕ್ತ ಕಡಿಮೆಯಾಗಬಹುದು, ಅದಕ್ಕೇ ಪಟ್ಟಿಯ ಅಳತೆಗೆ ಅಷ್ಟು ಬೆಲೆ.

ಮಗು ಬೇಗ ಬೆಳೆಯುತ್ತೆ, ಪಟ್ಟಿಯನ್ನೂ ಆಗಾಗ ಹೊಂದಿಸಬೇಕು. ತಪಾಸಣೆ ತಪ್ಪಿಸಬೇಡಿ. ಜಾರಿದ ಕೀಲು 3–4 ವಾರದಲ್ಲಿ ಕೂರದಿದ್ದರೆ ಹಾರ್ನೆಸ್ ನಿಲ್ಲಿಸಿ ಬೇರೆ ಚಿಕಿತ್ಸೆ ಹೇಳುತ್ತಾರೆ. ಎಲ್ಲ ಸರಿಹೋದ ಮೇಲೂ, ನಡೆಯಲು ಶುರುಮಾಡಿದ ನಂತರವೂ, ಎಕ್ಸ್-ರೇಗೆ ಕರೆದಾಗ ಹೋಗಿ.