ಶಿಬಿರದ ರಾಪಿಡ್ ಟೆಸ್ಟ್‌ನಲ್ಲಿ ಸಿಫಿಲಿಸ್ ಪಾಸಿಟಿವ್ ಬಂದರೆ ಎಷ್ಟು ನಂಬಬಹುದು?

ಮೂಡಿಗೆರೆ ಕಡೆಯ ಕಾಫಿ ತೋಟದ ಆರೋಗ್ಯ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದಾಗ ಎರಡು ಗೆರೆ ಬಂತು, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದೆ ಅಂತಲೇ ಅರ್ಥವಾ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ.

ಈ ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ರೋಗ ಪೂರ್ತಿ ವಾಸಿಯಾದ ಮೇಲೂ ಇವು ಸಾಮಾನ್ಯವಾಗಿ ಜೀವನಪೂರ್ತಿ ರಕ್ತದಲ್ಲಿ ಉಳಿಯುತ್ತವೆ. ಎಷ್ಟೋ ವರ್ಷದ ಹಿಂದೆ ಇಂಜೆಕ್ಷನ್ ತೆಗೆದುಕೊಂಡವರಿಗೂ ಗೆರೆ ಮೂಡಬಹುದು.

ಇನ್ನೊಂದು ಲೆಕ್ಕ ನೋಡಿ. ಸೋಂಕಿಲ್ಲದ 100 ಜನರಲ್ಲಿ 98 ಮಂದಿಗೆ ಕಿಟ್ ಸರಿಯಾಗಿ ನೆಗೆಟಿವ್ ತೋರಿಸುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 1,000 ಜನರಲ್ಲಿ 5 ಜನರಿಗೆ ಮಾತ್ರ ಸೋಂಕಿದ್ದರೆ, ಆ 5 ನಿಜವಾದ ಪಾಸಿಟಿವ್ ಜೊತೆ ಸುಮಾರು 20 ಸುಳ್ಳು ಪಾಸಿಟಿವ್ ಬರುತ್ತವೆ. ಸೋಂಕು ಕಡಿಮೆ ಇರುವ ಕಡೆ ಒಳ್ಳೆ ಕಿಟ್ ಕೂಡ ಹೀಗೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಹಾಗಾಗಿ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಆರ್‌ಪಿಆರ್ ಅಥವಾ ವಿಡಿಆರ್‌ಎಲ್ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ 1:16 ತರಹ ಟೈಟರ್, ಅಂದರೆ ಬೇರೊಂದು ಬಗೆಯ ಪ್ರತಿಕಾಯ ಎಷ್ಟಿದೆ ಎಂಬ ಅಳತೆ, ಬರೆದಿರುತ್ತಾರೆ. ಚಿಕಿತ್ಸೆ ಫಲಿಸಿದರೆ ಅದು ಇಳಿಯುತ್ತದೆ. ರಾಪಿಡ್ ಕಿಟ್‌ನಿಂದ ಇದು ಗೊತ್ತಾಗುವುದಿಲ್ಲ.

ಗರ್ಭಿಣಿಯರ ವಿಷಯ ಬೇರೆ. ಅವರು ಎರಡನೇ ವರದಿಗೆ ಕಾಯುತ್ತಾ ಕೂರಬಾರದು. ಮಗುವಿಗೆ ಅಪಾಯವಿರುವುದರಿಂದ ಮೊದಲ ಪೆನಿಸಿಲಿನ್ ಇಂಜೆಕ್ಷನ್ ತಕ್ಷಣ ಕೊಡುವುದೇ ಒಳ್ಳೆಯದು.

ನೆಗೆಟಿವ್ ಬಂದರೂ ಒಂದು ಮಾತು: ಸೋಂಕು ತಗುಲಿದ ಮೊದಲ ಕೆಲವು ವಾರ ಗೆರೆ ಬರದೇ ಇರಬಹುದು. ಅನುಮಾನವಿದ್ದರೆ 3 ತಿಂಗಳಾದ ಮೇಲೆ ಮತ್ತೆ ಮಾಡಿಸಿ. ಎಚ್‌ಐವಿ, ಸಿಫಿಲಿಸ್ ಎರಡನ್ನೂ ಒಟ್ಟಿಗೆ ನೋಡುವ ಕಿಟ್ ಆಗಿದ್ದರೆ, ಎಚ್‌ಐವಿ ಗೆರೆಯನ್ನೂ ಬೇರೆ ಕಿಟ್‌ಗಳಿಂದ ಖಚಿತಪಡಿಸಿಕೊಳ್ಳಬೇಕು.