ಜಯನಗರದಲ್ಲಿ ಉರುಳಿದ ಮರದ ಉಂಗುರದಲ್ಲಿ ಹಳೆಯ ಸೌರಸ್ಫೋಟ ಕಾಣುತ್ತದೆಯೇ?

ಜಯನಗರದಲ್ಲಿ ಮಳೆಗೆ ಉರುಳಿದ ಮರದ ತುಂಡು ಸಿಕ್ಕಿದೆ, ಉಂಗುರಗಳ ಅಗಲ ಅಳೆದರೆ ಹಳೆಯ ಸೌರಸ್ಫೋಟ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಅಗಲದಿಂದ ಆಗುವುದಿಲ್ಲ. ನಮ್ಮ ಕಡೆ ಅಗಲ ಹೇಳುವುದು ಬಹುಪಾಲು ಮಳೆಯ ಸುದ್ದಿ. ಸೂರ್ಯನ ಲೆಕ್ಕ ಇರುವುದು ಉಂಗುರದೊಳಗಿನ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದಲ್ಲಿ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು ಸಾರಜನಕವನ್ನು ಕಾರ್ಬನ್-14 ಆಗಿಸುತ್ತವೆ. ಮರ ಅದನ್ನು ಗಾಳಿಯಿಂದ ಹೀರಿ ಆ ವರ್ಷದ ಉಂಗುರದಲ್ಲಿ ಕೂಡಿಡುತ್ತದೆ. ಸೂರ್ಯ ಚುರುಕಾಗಿದ್ದರೆ ಅದರ ಕಾಂತಕ್ಷೇತ್ರ ಈ ಕಿರಣಗಳನ್ನು ತಡೆಯುತ್ತದೆ, ಕಾರ್ಬನ್-14 ತಗ್ಗುತ್ತದೆ. ಸೌರಕಲೆಗಳೇ ಅಪರೂಪವಾಗಿದ್ದ 1645–1715ರಲ್ಲಿ ಅದು ಏರಿತ್ತು. ಸ್ಫೋಟವಾದರೆ ಸೂರ್ಯನೇ ಕಣಗಳನ್ನು ಎರಚುವುದರಿಂದ ಏರಿಕೆ ಹಠಾತ್ತನೆ ಬರುತ್ತದೆ. ಜಪಾನಿನ ಫುಸಾ ಮಿಯಾಕೆ ತಂಡ 2012ರಲ್ಲಿ ಪ್ರಕಟಿಸಿದ ಸೀಡರ್ ಮರದ ಅಳತೆಯಲ್ಲಿ ಕ್ರಿ.ಶ. 774–775ರ ಜಿಗಿತ ಸಾವಿರಕ್ಕೆ 12ರಷ್ಟು. ಹನ್ನೊಂದು ವರ್ಷದ ಸೌರಚಕ್ರದ ಏರಿಳಿತ ಸಾವಿರಕ್ಕೆ ಒಂದೆರಡು ಮಾತ್ರ, ಅದು ಅಳೆಯುವ ಯಂತ್ರದ ದೋಷದಷ್ಟೇ! ಹಾಗಾಗಿ ಒಂದೇ ಉಂಗುರವನ್ನು ಮತ್ತೆ ಮತ್ತೆ ಅಳೆಯಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಯಂತ್ರಕ್ಕೆ ಹೋಗುವ ಮುಂಚೆಯೇ. ಸ್ಯಾಂಡ್‌ಪೇಪರ್ ಅನ್ನು ಒರಟಿನಿಂದ ನುಣುಪಿಗೆ ಬದಲಿಸುತ್ತಾ, ಕೋಶಗಳ ರಂಧ್ರ ಸ್ಪಷ್ಟವಾಗುವವರೆಗೆ ಉಜ್ಜಿ. ಒಂದೇ ವರ್ಷದಲ್ಲಿ ಸುಳ್ಳು ಉಂಗುರ ಮೂಡಬಹುದು, ಬರಗಾಲದಲ್ಲಿ ಉಂಗುರವೇ ತಪ್ಪಬಹುದು. ಅದಕ್ಕೇ ಒಂದೇ ಸ್ಥಳದ ಹಲವು ಮರಗಳನ್ನು ಹೋಲಿಸಿ ವರ್ಷ ಖಚಿತಪಡಿಸುತ್ತಾರೆ. ಆಮೇಲೆ ಪ್ರತಿ ಉಂಗುರವನ್ನು ಬ್ಲೇಡಿನಿಂದ ಬಿಡಿಸಿ, ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆದು, ಸೋಡಿಯಂ ಕ್ಲೋರೈಟ್‌ನಲ್ಲಿ ಬಿಳುಪಾಗಿಸಿ, ಸೆಲ್ಯುಲೋಸ್ ಮಾತ್ರ ಉಳಿಸಿಕೊಳ್ಳಬೇಕು. ರಾಳ ಮತ್ತು ಚೇಗಿನ (ಕಾಂಡದ ಒಳಗಿನ ಗಟ್ಟಿ ಭಾಗದ) ಬಣ್ಣದ ವಸ್ತುಗಳು ನಂತರದ ವರ್ಷಗಳಲ್ಲಿ ಒಳಗೆ ಬಂದವು. ಉಳಿದರೆ ಜಿಗಿತ ಮಸುಕಾಗುತ್ತದೆ. ಕೊನೆಯ ಆಮ್ಲದ ತೊಳೆತ ಬಿಡಲೇಬೇಡಿ. ಕ್ಷಾರವು ಇಂದಿನ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿರುತ್ತದೆ. ಆ ಸೆಲ್ಯುಲೋಸನ್ನು ಸುಟ್ಟು, ಬಂದ ಅನಿಲವನ್ನು ಕಬ್ಬಿಣದ ಪುಡಿಯ ಮೇಲೆ ಹೈಡ್ರೋಜನ್ ಜತೆ ಕಾಯಿಸಿ ಗ್ರಾಫೈಟ್ ಮಾಡುತ್ತಾರೆ. ಒಂದು ಮಿಲಿಗ್ರಾಂ ಕಾರ್ಬನ್ ಸಾಕು. ನಂತರ ಅದು ಹೋಗುವುದು ವೇಗವರ್ಧಕ ದ್ರವ್ಯರಾಶಿ ಮಾಪಕಕ್ಕೆ, ಅಂದರೆ ಕಾರ್ಬನ್-14 ಪರಮಾಣುಗಳನ್ನೇ ಎಣಿಸುವ ಯಂತ್ರಕ್ಕೆ.

ನಿಮ್ಮ ತುಂಡಿಗೆ ಬಂದರೆ, ಬೆಂಗಳೂರಿನ ಬೀದಿಬದಿಯ ಅನೇಕ ಮರಗಳಲ್ಲಿ ವರ್ಷದ ಗೆರೆ ಸ್ಪಷ್ಟವಿಲ್ಲ, ತೇಗದಲ್ಲಿ ಚೆನ್ನಾಗಿದೆ. 1950ರ ದಶಕದ ನಂತರದ ಉಂಗುರಗಳಲ್ಲಿ ಅಣುಬಾಂಬ್ ಪರೀಕ್ಷೆಗಳ ಕಾರ್ಬನ್-14 ಸೂರ್ಯನ ಗುರುತನ್ನು ಮುಳುಗಿಸಿದೆ. ವಾಹನಗಳ ಹೊಗೆಯೂ ಅಳತೆಯನ್ನು ತಗ್ಗಿಸುತ್ತದೆ. ಲಾಲ್‌ಬಾಗ್‌ನ ಕಲ್ಲಾದ ಮರದ ಕಾಂಡವೂ ಇದಕ್ಕೆ ಬಾರದು: ಕಾರ್ಬನ್-14 ಸುಮಾರು 50,000 ವರ್ಷಕ್ಕೇ ಅಳೆಯಲಾಗದಷ್ಟು ಕರಗಿಹೋಗುತ್ತದೆ, ಆ ಕಾಂಡ ಅದಕ್ಕಿಂತ ಎಷ್ಟೋ ಹಳೆಯದು. ನಿಮ್ಮ ಮರ 1960ಕ್ಕಿಂತ ಮೊದಲೇ ನೆಟ್ಟದ್ದಾಗಿ, ಗೆರೆಗಳೂ ಓದಲು ಬಂದರೆ, 1963ರ ಆಸುಪಾಸಿನ ಬಾಂಬ್ ಏರಿಕೆಯಿಂದ ನಿಮ್ಮ ಉಂಗುರದ ಎಣಿಕೆ ಸರಿಯಿದೆಯೇ ಎಂದು ಪರೀಕ್ಷಿಸಬಹುದು.