ದೀಪಾವಳಿ ಮುಗಿಸಿ ಶ್ರೀಲಂಕಾದ ಜಾಫ್ನಾಕ್ಕೆ ಮೊದಲ ಸಲ ಹೋಗುವ ಯೋಚನೆಯಿದೆ. ಕೊಲಂಬೊದಿಂದ ಒಂದು ದಿನ ಹೋಗಿ ಬಂದರೆ ಸಾಕೇ?

ನೀವು ಚಳ್ಳಕೆರೆಯವರು, ನಾನು ದಾವಣಗೆರೆಯವನು. ದೀಪಾವಳಿಯ ಹೊತ್ತಿಗೆ ಮಳೆ ನಿಂತಿರುತ್ತದೆ, ಈರುಳ್ಳಿ ಮಾರಿದ ದುಡ್ಡು ಕೈಯಲ್ಲಿರುತ್ತದೆ, ತಾಯಿಯವರಿಗೆ ಜಾಫ್ನಾ ಬಳಿಯ ನಯಿನಾತೀವು ದ್ವೀಪದ ನಾಗಪೂಷಣಿ ಅಮ್ಮನ ದರ್ಶನವಾಗಬೇಕು, ಮಕ್ಕಳು ಸಮುದ್ರ ನೋಡಬೇಕು ಎಂದು ಬರೆದಿದ್ದೀರಿ. ಅಕ್ಷರಶಃ ಇದೇ ಲೆಕ್ಕ ಹಾಕಿ ನಾನೂ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಒಂದು ದಿನ ಸಾಕೇ ಸಾಲದೇ ಎಂಬುದು ಆಮೇಲಿನ ಮಾತು. ಮೊದಲು ಆ ನವೆಂಬರ್ ತಿಂಗಳನ್ನು ಕೈಬಿಡಿ.

ನಾನು ಮಾಡಿದ ತಪ್ಪು ಒಂದೇ. ಜಾಫ್ನಾಕ್ಕೆ ಹೋಗುವ ಕಾಲವನ್ನು ನಮ್ಮೂರಿನ ಮಳೆಗಾಲ ನೋಡಿ ತೀರ್ಮಾನಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಈಗ ನಿಂತಿರುವುದು ಇದೇ ಜಾಗದಲ್ಲಿ. ನಮಗೆ ಮಳೆ ಎಂದರೆ ಮುಂಗಾರು. ಜೂನ್‌ನಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ಬರುವ ಗಾಳಿ ಆಗುಂಬೆಯ ಘಟ್ಟಕ್ಕೆ ತನ್ನಲ್ಲಿರುವುದನ್ನೆಲ್ಲ ಸುರಿದು, ಜಗಳೂರು, ಚಳ್ಳಕೆರೆಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದಿಷ್ಟು ಹದವಾದ ಮಳೆಯಾಗುತ್ತದೆ. ದೀಪಾವಳಿ ಕಳೆದರೆ ಆಕಾಶ ತಿಳಿಯಾಗುತ್ತದೆ. ಶ್ರೀಲಂಕಾದಲ್ಲೂ ಜೂನ್‌ನ ಗಾಳಿ ಕೊಲಂಬೊ, ರತ್ನಪುರ, ನಡುವಿನ ಬೆಟ್ಟಸೀಮೆಗಳನ್ನು ತೋಯಿಸಿ ಉತ್ತರಕ್ಕೆ ಬರುವಷ್ಟರಲ್ಲಿ ಒಣಗಿರುತ್ತದೆ. ಅಲ್ಲಿಯವರೆಗೆ ಎರಡೂ ಕಡೆಯ ಕಥೆ ಒಂದೇ. ವ್ಯತ್ಯಾಸ ಬರುವುದು ಅಕ್ಟೋಬರ್‌ನಿಂದ. ಆಗ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ಮೇಲಿಂದ ಈಶಾನ್ಯ ಮಾರುತವಾಗಿ ಬೀಸುತ್ತದೆ. ನಾವು ಹಿಂಗಾರು ಎಂದು ಕರೆದು, ಬಂದರೆ ಬಿಳಿಜೋಳಕ್ಕೆ, ಕಡಲೆಗೆ ಆಯಿತು ಎನ್ನುವ ಆ ಮಳೆಯೇ ಜಾಫ್ನಾದ ಮುಖ್ಯ ಮಳೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅದರಲ್ಲೂ ನವೆಂಬರ್‌ನಲ್ಲಿ, ವರ್ಷದ ಹೆಚ್ಚಿನ ಪಾಲು ಮಳೆ ಅಲ್ಲಿ ಬಿದ್ದುಬಿಡುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಇದೇ ತಿಂಗಳುಗಳಲ್ಲಿ ಏಳುತ್ತವೆ. ಚೆನ್ನೈನಲ್ಲಿ ನವೆಂಬರ್ ಹೇಗಿರುತ್ತದೆ ಎಂದು ಟಿ.ವಿ.ಯಲ್ಲಿ ಪ್ರತಿ ವರ್ಷ ನೋಡುತ್ತೇವಲ್ಲ, ಜಾಫ್ನಾವನ್ನು ಆ ಸಾಲಿಗೇ ಸೇರಿಸಿ.

ಓದದೆ ಹೋದವನಲ್ಲ ನಾನು. ಓದಿಯೇ ಹೋದೆ. ಶ್ರೀಲಂಕಾಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ ಎಂದು ಎಲ್ಲ ಕಡೆ ಬರೆದಿರುತ್ತದೆ. ನವೆಂಬರ್ ಕೊನೆಯೆಂದರೆ ಅದರ ಹೊಸ್ತಿಲು, ಜನ ಕಡಿಮೆ, ಕೋಣೆ ಅಗ್ಗ ಎಂದುಕೊಂಡೆ. ಆ ಬರಹಗಳು ಹೇಳುತ್ತಿದ್ದದ್ದು ಗಾಲೆ, ಮಿರಿಸ್ಸಾದಂಥ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯ ಬಗ್ಗೆ. ನಮ್ಮ ಒಂದು ರಾಜ್ಯದಷ್ಟೂ ಇಲ್ಲದ ದ್ವೀಪದಲ್ಲಿ ಎರಡು ಬೇರೆ ಬೇರೆ ಮಳೆಗಾಲ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅಲ್ಲಿಯ ಮಳೆ ನಮ್ಮ ಮಳೆಯ ಹಾಗೆ ಬಂದು ಹರಿದು ಹೋಗುವುದಿಲ್ಲ. ಜಾಫ್ನಾ ಪರ್ಯಾಯ ದ್ವೀಪ ಅಂಗೈಯಂತೆ ಸಮತಟ್ಟು. ವರ್ಷವಿಡೀ ಹರಿಯುವ ನದಿ ಎಂಬುದಿಲ್ಲ. ಚಿತ್ರದುರ್ಗದ ಕೋಟೆಯಂಥ ಒಂದು ಬಂಡೆಯನ್ನೂ ಕಾಣುವುದಿಲ್ಲ. ಆನೆಯಿರವು ಎಂಬಲ್ಲಿ ಒಂದು ಕಿರಿದಾದ ಭೂಪಟ್ಟಿ ಇದನ್ನು ಉಳಿದ ಶ್ರೀಲಂಕಾಕ್ಕೆ ಜೋಡಿಸುತ್ತದೆ, ಸುತ್ತ ಸಮುದ್ರ ಮತ್ತು ಹಿನ್ನೀರು. ನೀರು ಹೋಗುವುದಾದರೂ ಎಲ್ಲಿಗೆ? ಊರೊಳಗಿನ ಓಣಿಗಳಲ್ಲೇ ನಿಂತಿತ್ತು. ಆಟೋದವರು ಅರ್ಧ ದಾರಿಯಲ್ಲಿ ತಿರುಗಿಸಿಬಿಡುತ್ತಿದ್ದರು.

ಅವ್ವ ಹುಟ್ಟಿದ್ದು ನಾಗರ ಪಂಚಮಿಯ ದಿನ. ನಯಿನಾತೀವಿನ ನಾಗಪೂಷಣಿ ಅಮ್ಮನ ಬಗ್ಗೆ ಯಾರೋ ಹೇಳಿದ್ದನ್ನು ಕೇಳಿ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಆ ದೇವಸ್ಥಾನ ಇರುವುದು ಪುಟ್ಟ ದ್ವೀಪದಲ್ಲಿ. ಜಾಫ್ನಾದಿಂದ ಹಿನ್ನೀರಿನ ನಡುವಿನ ರಸ್ತೆಯಲ್ಲಿ ಪುಂಗುಡುತೀವು ದಾಟಿ ಕುರಿಕಟ್ಟುವಾನ್ ಎಂಬ ದೋಣಿಕಟ್ಟೆಗೆ ಹೋಗಬೇಕು. ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ನಾವು ಸೀರೆ, ಹೂವು, ಹಣ್ಣು, ಊರಿನಿಂದ ತಂದ ಕುಂಕುಮದ ಪೊಟ್ಟಣ ಎಲ್ಲ ಹಿಡಿದು ಬೆಳಗ್ಗೆಯೇ ಹೋಗಿ ನಿಂತೆವು. ದೋಣಿಗಳನ್ನು ದಪ್ಪ ಹಗ್ಗದಿಂದ ಬಿಗಿದಿದ್ದರು. ಅಲೆ ಬಂದಾಗಲೆಲ್ಲ ಅವು ಕಟ್ಟೆಗೆ ತೂಗುಹಾಕಿದ್ದ ಹಳೆಯ ಟೈರುಗಳಿಗೆ ಬಡಿದು ಹಿಂದಕ್ಕೆ ಸರಿಯುತ್ತಿದ್ದವು. ಗಾಳಿ ಇಳಿಯುವವರೆಗೆ ಬಿಡುವುದಿಲ್ಲ ಎಂದರು. ಮಳೆ ತೆಳ್ಳಗಾದಾಗ ಎದುರಿನ ದ್ವೀಪ ಕಾಣಿಸಿತು. ಅವ್ವ ಕಟ್ಟೆಯ ಮೇಲೆಯೇ ಕಾಯಿ ಒಡೆಸಿ, ಇಲ್ಲಿಂದಲೇ ಮುಟ್ಟಿತು ಬಿಡು ಎಂದಳು. ಮರುದಿನವೂ ದೋಣಿ ಬಿಡಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಆಮೇಲೆ ಅವಳ ಮೊಣಕಾಲು ಕೆಟ್ಟಿತು. ಮತ್ತೆ ನಾನು ಫೆಬ್ರವರಿಯಲ್ಲಿ ಹೋದಾಗ ಅವಳು ಬರಲು ಆಗಲಿಲ್ಲ. ನಿಮ್ಮ ತಾಯಿಯವರಿಗೆ ವಯಸ್ಸಾಗಿದೆ ಎಂದು ಬರೆದಿದ್ದೀರಿ. ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ದುಡ್ಡು ಹೋದರೆ ಮುಂದಿನ ಬೆಳೆಗೆ ಬಂದೀತು. ಹಿರಿಯರ ಕಾಲು ಮುಂದಿನ ವರ್ಷಕ್ಕೆ ಕಾಯುವುದಿಲ್ಲ.

ಫೆಬ್ರವರಿಯಲ್ಲಿ ಕಂಡದ್ದು ಬೇರೆಯೇ ಊರು. ಅದೇ ದೋಣಿಕಟ್ಟೆ, ಕನ್ನಡಿಯಂಥ ನೀರು. ನಾಗಪೂಷಣಿ ಅಮ್ಮನ ಗೋಪುರ ದೋಣಿಯಿಂದಲೇ ಕಾಣಿಸುತ್ತದೆ. ಸ್ವಲ್ಪ ದೂರದಲ್ಲೇ ಬೌದ್ಧರ ನಾಗದೀಪ ವಿಹಾರವೂ ಇದೆ, ಎರಡು ಕಡೆಯ ಭಕ್ತರೂ ಒಂದೇ ದೋಣಿಯಲ್ಲಿ ಬರುತ್ತಾರೆ. ಅದೇ ಕಟ್ಟೆಯಿಂದ ನೆಡುಂತೀವಿಗೂ, ಅಂದರೆ ಡಚ್ಚರು ಡೆಲ್ಫ್ಟ್ ಎಂದು ಕರೆದ ದ್ವೀಪಕ್ಕೂ, ದೋಣಿ ಇದೆ. ಒಂದು ಗಂಟೆಯ ಹಾದಿ. ಹವಳದ ಕಲ್ಲನ್ನು ಪೇರಿಸಿ ಕಟ್ಟಿದ ಬೇಲಿಗೋಡೆಗಳು, ಯುರೋಪಿನವರು ಬಿಟ್ಟುಹೋದ ಕುದುರೆಗಳ ಸಂತತಿ ಬಯಲಲ್ಲಿ ಮೇಯುವುದು, ಇವನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಬೆಳಗಿನ ದೋಣಿ ತಪ್ಪಿದರೆ ಆ ದಿನ ಹೋಯಿತೆಂದೇ ತಿಳಿಯಿರಿ. ಹಿಂತಿರುಗುವ ದೋಣಿಯ ಸಮಯವನ್ನು ಇಳಿಯುವಾಗಲೇ ಕೇಳಿಕೊಳ್ಳಿ.

ನೀವು ಈರುಳ್ಳಿ ಬೆಳೆಯುವವರು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಜಾಫ್ನಾದ ಉತ್ತರ ಕರಾವಳಿಯ ಕೀರಿಮಲೆಗೆ ಹೋಗುವ ದಾರಿಯಲ್ಲಿ ಕೆಂಪು ಮಣ್ಣಿನ ಹೊಲಗಳು ಬರುತ್ತವೆ. ನನ್ನ ಅಪ್ಪ ಜಗಳೂರಿನಲ್ಲಿ ಈರುಳ್ಳಿ ಬೆಳೆದವರು, ಹಾಗಾಗಿ ಆ ಮಣ್ಣು ಕಂಡು ಗಾಡಿ ನಿಲ್ಲಿಸಿದೆ. ನಮ್ಮಲ್ಲಿ ಬೀಜ ಬಿತ್ತುತ್ತೇವೆ. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಸಣ್ಣ ಕೆಂಪು ಈರುಳ್ಳಿಯ ಗಡ್ಡೆಯನ್ನೇ ಎಸಳೆಸಳಾಗಿ ಬಿಡಿಸಿ, ಪುಟ್ಟ ಪುಟ್ಟ ಪಾತಿಗಳಲ್ಲಿ ಹೆಬ್ಬೆರಳಿನಿಂದ ಒತ್ತಿ ನೆಡುತ್ತಿದ್ದರು. ತಾಳೆಗರಿಯ ಬೇಲಿ, ಮೂಲೆಯಲ್ಲಿ ತೆರೆದ ಬಾವಿ, ಕೈ ಚಾಚಿದರೆ ಸಿಗುತ್ತದೇನೋ ಎನ್ನುವಷ್ಟು ಮೇಲೆ ನೀರು. ಕೊಳವೆಬಾವಿ ಕೊರೆಸಿ ಕೊರೆಸಿ ಸೋತ ನಮ್ಮ ಕಡೆಯವರಿಗೆ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅಲ್ಲಿಯ ನೆಲ ಸುಣ್ಣಕಲ್ಲಿನದು. ನವೆಂಬರಿನ ಮಳೆ ಅದರ ಸಂದುಗಳಲ್ಲಿ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಮಿತಿ ಮೀರಿ ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ. ನಾನು ಹೋಟೆಲಿನ ಕಿಟಕಿಯಲ್ಲಿ ನಿಂತು ಬೈದುಕೊಂಡ ಆ ಮಳೆಯನ್ನೇ ಅವರು ವರ್ಷವಿಡೀ ಕುಡಿಯುತ್ತಾರೆ, ಬೆಳೆಗೂ ಬಿಡುತ್ತಾರೆ.

ಕೀರಿಮಲೆಯಲ್ಲೂ ಇದೇ ವಿಸ್ಮಯ. ಸಮುದ್ರಕ್ಕೆ ತಾಗಿಕೊಂಡೇ ಕೊಳ, ನಡುವೆ ಒಂದು ಗೋಡೆ, ಆಚೆ ಉಪ್ಪುನೀರು, ಈಚೆ ಸಿಹಿನೀರಿನ ಬುಗ್ಗೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳಗಳಿವೆ. ಪಕ್ಕದ ನಗುಲೇಶ್ವರಂ ಶ್ರೀಲಂಕಾದ ಪಂಚ ಈಶ್ವರ ಕ್ಷೇತ್ರಗಳಲ್ಲಿ ಒಂದು. ನಿಮ್ಮ ತಾಯಿಯವರಿಗೆ ಅಲ್ಲಿ ಅರ್ಧ ದಿನ ಬಿಡುವು ಕೊಡಿ, ಗಡಿಯಾರ ತೋರಿಸಬೇಡಿ.

ಈಗ ನಿಮ್ಮ ಒಂದು ದಿನದ ಪ್ರಶ್ನೆ. ಕೊಲಂಬೊದಿಂದ ಜಾಫ್ನಾಕ್ಕೆ ಸುಮಾರು 400 ಕಿ.ಮೀ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ದೂರದ ಒಂದೂವರೆ ಪಟ್ಟು. ಬಸ್ಸಾಗಲಿ, ರೈಲಾಗಲಿ, ಹೋಗುವುದರಲ್ಲೇ ಹಗಲು ಮುಗಿಯುತ್ತದೆ. ಒಂದು ದಿನದಲ್ಲಿ ಹೋಗಿ ಬರುವವರು ನೋಡುವುದು ರಸ್ತೆಯನ್ನು ಮಾತ್ರ. ಸಾಕೇ ಎಂದು ಕೇಳುವುದನ್ನು ಬಿಟ್ಟು, ಕೊಲಂಬೊ ಬೇಕೇ ಎಂದು ಕೇಳಿಕೊಳ್ಳಿ. ನಿಮಗೆ ಬೇಕಾದ ದೇವಸ್ಥಾನ, ಬೇಕಾದ ಸಮುದ್ರ ಎರಡೂ ಉತ್ತರದಲ್ಲಿವೆ. ಜಾಫ್ನಾದ ಪಲಾಲಿ ವಿಮಾನ ನಿಲ್ದಾಣ 2019ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣವಾಯಿತು, ಚೆನ್ನೈನಿಂದ ನೇರ ವಿಮಾನ ಆರಂಭವಾಯಿತು. ಬೆಂಗಳೂರು ದಾಟಿ ರೈಲಿನಲ್ಲಿ ಚೆನ್ನೈಗೆ ಹೋಗಿ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಅಲ್ಲಿರುತ್ತೀರಿ. ವಿಮಾನ ಚಿಕ್ಕದು, ಲಗೇಜಿನ ಮಿತಿಯನ್ನು ಮೊದಲೇ ಓದಿ. ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾದ ಕಾಂಕೇಸಂತುರೈ ಬಂದರಿಗೆ ಹಡಗೂ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದು 2023ರ ಅಕ್ಟೋಬರ್ ನಡುವಿನಲ್ಲಿ ಆರಂಭವಾಗಿ, ಇದೇ ಈಶಾನ್ಯ ಮಾರುತದಿಂದಾಗಿ ಒಂದು ವಾರದೊಳಗೆ ನಿಂತು, ಮತ್ತೆ ಹೊರಟದ್ದು ಮರುವರ್ಷದ ಆಗಸ್ಟ್‌ನಲ್ಲಿ. ನವೆಂಬರ್ ಬೇಡವೆನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ರೈಲಿನಲ್ಲೇ ಹೋಗುವ ಆಸೆಯಿದ್ದರೆ ಅದನ್ನು ತಳ್ಳಿಹಾಕುವುದಿಲ್ಲ. ಅಲ್ಲಿಯ ಅಂತರ್ಯುದ್ಧದಿಂದಾಗಿ 1990ರಲ್ಲಿ ನಿಂತಿದ್ದ ಜಾಫ್ನಾ ರೈಲು ಭಾರತದ ನೆರವಿನಿಂದ ಹಳಿ ಹಾಕಿದ ಮೇಲೆ 2014ರಲ್ಲಿ ಮತ್ತೆ ಬಂತು. ಆನೆಯಿರವು ದಾಟುವಾಗ ಎರಡೂ ಬದಿಗೆ ಹಿನ್ನೀರು, ಉಪ್ಪಿನ ಗದ್ದೆ. ಅದಕ್ಕೊಂದು ಪೂರ್ತಿ ದಿನ ಎತ್ತಿಡಿ, ಅಷ್ಟೇ.

ಸಸ್ಯಾಹಾರದ ಚಿಂತೆ ಬೇಡ. ಶೈವ ಎಂದು ಬೋರ್ಡ್ ಹಾಕಿದ ಹೋಟೆಲುಗಳಲ್ಲಿ ಬಾಳೆಎಲೆಯ ಊಟ, ಇಡಿಯಾಪ್ಪ, ಪುಟ್ಟು, ದೋಸೆ ಎಲ್ಲ ಸಿಗುತ್ತವೆ. ಬೇರೆ ಕಡೆ ತಿನ್ನುವಾಗ ಮಾತ್ರ ತೆಂಗಿನಕಾಯಿಯ ಸಂಬೋಲ ಎಂಬ ಚಟ್ನಿಯಲ್ಲಿ ಒಣಮೀನಿನ ಪುಡಿ ಇದೆಯೇ ಎಂದು ಕೇಳಿ. ಚೂರುಪಾರು ತಮಿಳು ಬಂದರೆ ಸಾಕು, ಜನ ಮನೆಯವರಂತೆ ಮಾತನಾಡಿಸುತ್ತಾರೆ. ನಲ್ಲೂರು ಕಂದಸ್ವಾಮಿ ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆಯಬೇಕು. ಮಕ್ಕಳ ಈಜಿಗೆ ಕಾರೈನಗರದ ಕ್ಯಾಸುರಿನಾ ಬೀಚ್ ಒಳ್ಳೆಯದು, ಬಹಳ ದೂರದವರೆಗೆ ಆಳವಿಲ್ಲ.

ಒಂದು ಮಾತಿನಲ್ಲಿ ನಾನು ಹಟಮಾರಿ. ಅಲ್ಲಿಗೆ ಹೋಗಿ ಯುದ್ಧದ ಗುರುತುಗಳನ್ನು ಹುಡುಕಿಕೊಂಡು ಅಲೆಯಬೇಡಿ. ಛಾವಣಿಯಿಲ್ಲದ, ಒಳಗೆ ಮರ ಬೆಳೆದ ಮನೆಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ, ನಿಮ್ಮ ಮನೆಯವರು ಯಾರಾದರೂ ತೀರಿಹೋದರೇ ಎಂದು ಯಾರನ್ನೂ ಕೇಳಬೇಡಿ. ಅವರಾಗಿ ಹೇಳಿದರೆ ಕುಳಿತು ಕೇಳಿ. ಆದರೆ ಜಾಫ್ನಾ ಸಾರ್ವಜನಿಕ ಗ್ರಂಥಾಲಯಕ್ಕೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು. 1981ರಲ್ಲಿ ಅದಕ್ಕೆ ಬೆಂಕಿ ಇಟ್ಟಾಗ ಸುಮಾರು 97,000 ಪುಸ್ತಕಗಳು ಸುಟ್ಟುಹೋದವು, ತಾಳೆಗರಿಯ ಹಸ್ತಪ್ರತಿಗಳೂ ಸೇರಿ. ಈಗ ಆ ಬಿಳಿ ಕಟ್ಟಡ ಮತ್ತೆ ಎದ್ದು ನಿಂತಿದೆ, ಶಾಲೆಯ ಹುಡುಗ ಹುಡುಗಿಯರು ಒಳಗೆ ಕುಳಿತು ಓದುತ್ತಿರುತ್ತಾರೆ. ಪ್ರವಾಸಿಗರಿಗೆ ಬೇರೆ ಸಮಯ ಇಟ್ಟಿದ್ದಾರೆ, ಬಾಗಿಲಲ್ಲಿ ಕೇಳಿಕೊಂಡು ಹೋಗಿ.

ಹಾಗಾದರೆ ಯಾವಾಗ? ಮಕ್ಕಳ ಶಾಲೆ ಇರುವುದರಿಂದ ಫೆಬ್ರವರಿ ನಿಮಗೆ ಕಷ್ಟ. ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮೊದಲ ವಾರದಲ್ಲಿ ಹೊರಡಿ. ಬಿಸಿಲು ಇರುತ್ತದೆ, ಬೆವರು ಜಾಸ್ತಿ, ಆದರೆ ಚಳ್ಳಕೆರೆಯ ಏಪ್ರಿಲ್ ಕಂಡವರಿಗೆ ಅದು ಹೊಸದಲ್ಲ, ಸಮುದ್ರವೂ ಶಾಂತವಾಗಿರುತ್ತದೆ. ಏಪ್ರಿಲ್ 13, 14ರ ಸುಮಾರಿಗೆ ಅವರ ಹೊಸ ವರ್ಷ, ಅಂಗಡಿಗಳು ಮುಚ್ಚುತ್ತವೆ, ಬಸ್ಸುಗಳು ತುಂಬಿರುತ್ತವೆ, ಅಷ್ಟರೊಳಗೆ ಹಿಂತಿರುಗಿ. ನಾಯಕನಹಟ್ಟಿ ತೇರು ಎಂದರೆ ಬಿಡದೆ ಹೋಗುವ ಮನೆಯಾಗಿದ್ದರೆ ಆಗಸ್ಟ್ ಹೊತ್ತಿಗೆ ಬರುವ ನಲ್ಲೂರಿನ 25 ದಿನದ ಉತ್ಸವವನ್ನೂ ಯೋಚಿಸಬಹುದು, ಆದರೆ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಬೇಕು, ವಯಸ್ಸಾದವರಿಗೆ ಆ ನೂಕುನುಗ್ಗಲು ಕಷ್ಟ.

ವೀಸಾವನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಮಾಡಿ, ಅದೇ ಹೆಸರಿನಂತೆ ಕಾಣುವ ತಾಣಗಳು ಬಹಳ ಇವೆ. ಕನಿಷ್ಠ ನಾಲ್ಕು ರಾತ್ರಿ ಜಾಫ್ನಾದಲ್ಲೇ ಇರಿ. ನಯಿನಾತೀವನ್ನು ಮೊದಲ ಬೆಳಗ್ಗೆಗೇ ಇಟ್ಟುಕೊಳ್ಳಿ, ಆ ದಿನ ಗಾಳಿ ಎದ್ದರೂ ನಿಮ್ಮ ತಾಯಿಯವರಿಗೆ ಇನ್ನೂ ಮೂರು ಬೆಳಗ್ಗೆಗಳು ಉಳಿದಿರುತ್ತವೆ. ನವೆಂಬರ್ ಟಿಕೆಟ್ ಈಗಾಗಲೇ ಮಾಡಿಸಿದ್ದರೆ, ರದ್ದತಿ ಶುಲ್ಕ ಎಷ್ಟಾದರೂ ಕಟ್ಟಿ, ಇವತ್ತೇ ರದ್ದು ಮಾಡಿಸಿ.